ಗಾದಿ ಬಿಚ್ಚುವ ಮುಂಚೆ ಕೇಳಬೇಕು

ಜನವರಿ 6, ಸೋಮವಾರ

ಇವತ್ತು ಹನ್ನೊಂದು ಗಂಟೆಗೆ ನನ್ನ ಕತೆಗಳು ಶಿಗ್ಗಾವಿಯಿಂದ ಹೊರಟವು. ಎಲ್ಲಿಗೆ ಹೋದವೋ ನನಗೆ ಗೊತ್ತಿಲ್ಲ. "ಕಳಿಸೇನಿ, ಆ್ಯಪ್ ಸ್ಟೋರಿನವರು ನೋಡಿ ಹೇಳ್ತಾರ" ಎಂದು ಅಂಕಿತಕ್ಕ ಫೋನಿನಲ್ಲಿ ಹೇಳಿದಳಂತೆ. ಹೇಳಿದಳಂತೆ ಯಾಕೆಂದರೆ ಫೋನು ಎತ್ತಿದ್ದು ಅವ್ವ. ನಾನು ಬಾಗಿಲ ಹಿಂದೆ ನಿಂತಿದ್ದೆ. ನನಗೆ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ.

ನಡೆದದ್ದನ್ನು ಮೊದಲಿನಿಂದ ಬರೆದಿಡುತ್ತೇನೆ, ಇಲ್ಲವಾದರೆ ಮುಂದೆ ನಾನೇ ನಂಬಲಿಕ್ಕಿಲ್ಲ. ನಾನು ಐದನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಇಲ್ಲಿ ಹುಲಗೂರಿನಲ್ಲಿ ಅಪ್ಪ ಅರಳೆ ಹಿಂಜಿ ಗಾದಿ ಮಾಡುತ್ತಾನೆ, ನಾನು ಅದಕ್ಕೆ ಹಾಕುವ ಗಲೀಪು ಹೊಲಿಯುತ್ತೇನೆ. ಹೊಲಿಯುವಾಗ ತಲೆಗೆ ಬಂದದ್ದನ್ನು ಅಳತೆಯ ವಹಿಯ ಹಿಂದಿನ ಹಾಳೆಗಳಲ್ಲಿ ಬರೆಯುವ ಚಟ. ದೀಪಾವಳಿ ಹೊತ್ತಿಗೆ ಗಾದಿ ಹಾಕಿಸಲು ಬಂದ ಅಂಕಿತಕ್ಕ ತನ್ನ ಗಾದಿಯ ಅಳತೆ ಹುಡುಕಲು ಹೋಗಿ ನನ್ನ ಕತೆ ಹುಡುಕಿಕೊಂಡಳು.

ಶಿಗ್ಗಾವಿಯಲ್ಲಿ ಆಕೆಯದು ಅರ್ಜಿ ತುಂಬಿಕೊಡುವ ಆನ್‌ಲೈನ್ ಅಂಗಡಿ. ಕಂಪ್ಯೂಟರ್ ಓದಿದವಳು. "ಇವನ್ನ ಆ್ಯಪ್ ಮಾಡೂಣ. ಮಂದಿ ಫೋನಿನಾಗ ಓದ್ತಾರ" ಅಂದಳು. ನಾನು ತಲೆ ಅಲ್ಲಾಡಿಸಿದೆ. ಹೌದೆಂದೋ ಬೇಡವೆಂದೋ ನನಗೇ ತಿಳಿಯಲಿಲ್ಲ. ಆಕೆ ಹೌದೆಂದುಕೊಂಡಳು. ಒಟ್ಟು ನಲವತ್ತು ಕತೆ, ಒಂದೊಂದೂ ಕಪ್ಪಿನಲ್ಲಿರುವ ಚಹಾ ಆರುವಷ್ಟರಲ್ಲಿ ಮುಗಿಯುವಂಥದು. ಅದಕ್ಕೇ ಆ್ಯಪ್‌ನ ಹೆಸರು "ಚಾ ಆರೂದ್ರೊಳಗ".

ನಲವತ್ತು ಮಂದಿ ಓದಿದರೂ ಸಾಕು. ನನ್ನ ಮುಖ ನೋಡದ ನಲವತ್ತು ಮಂದಿ! ಬರೆಯುತ್ತಿರುವ ಕೈ ನಿಲ್ಲುತ್ತಿಲ್ಲ.

ಜನವರಿ 9, ಗುರುವಾರ

"ಸ್ಟೋರಿನವರು ಬ್ಯಾಡ ಅಂದ್ರಂತ" ಎಂದು ಅವ್ವ ಹೇಳಿದಳು. ಉಳಿದದ್ದನ್ನು ಕೇಳುವ ಧೈರ್ಯ ನನಗೆ ಆಗಲಿಲ್ಲ.

ಮೂರೇ ದಿನದಲ್ಲಿ ನಲವತ್ತು ಕತೆ ಓದಿ ಬೇಡ ಅಂದಿದ್ದಾರೆ ಎಂದರೆ ಅವರು ದೊಡ್ಡ ಓದುಗರೇ ಇರಬೇಕು. ಯಾವ ಕತೆ ಕೆಟ್ಟಿತು? ಬಾವಿಗೆ ಬಿದ್ದ ರೇಡಿಯೋದ ಕತೆಯೇ ಇರಬೇಕು. ಅದರ ಕೊನೆ ನನಗೂ ಸೇರಿರಲಿಲ್ಲ, ಅವಸರ ಮಾಡಿದ್ದೆ. ಹಿಡಿದುಬಿಟ್ಟರಲ್ಲ! ಹೊಲಿಗೆ ಎಲ್ಲಿ ಸಡಿಲಾಗಿದೆ ಎಂದು ದೂರದಿಂದಲೇ ಕಾಣುವ ಕಣ್ಣು ಅವರದು.

ಮೊದಲು ಅತ್ತೆ. ಆಮೇಲೆ ಕುಳಿತು ಆ ಕತೆಯ ಕೊನೆಯನ್ನು ಹೊಸದಾಗಿ ಬರೆದೆ. ಈಗ ರೇಡಿಯೋ ಬಾವಿಯೊಳಗಿಂದ ಹಾಡುತ್ತದೆ. ಮೊದಲು ಯಾಕೆ ಹೊಳೆಯಲಿಲ್ಲವೋ!

ಜನವರಿ 12, ಭಾನುವಾರ

ಹನ್ನೊಂದು ಕತೆ ತಿದ್ದಿದೆ. ಎರಡನ್ನು ಹರಿದು ಹೊಸದಾಗಿ ಬರೆದೆ. ಅಪ್ಪ ಟಂಟಂನಲ್ಲಿ ಗಾದಿ ಹೇರಿಕೊಂಡು ಶಿಗ್ಗಾವಿಗೆ ಹೊರಟಿದ್ದ, ನಾನೂ ಗಾದಿಗಳ ನಡುವೆ ಕುಳಿತು ಹೋದೆ. ಅಂಗಡಿಯಲ್ಲಿ ವಹಿಯನ್ನು ಅಂಕಿತಕ್ಕನ ಮುಂದಿಟ್ಟು ನೆಲ ನೋಡುತ್ತ ನಿಂತೆ.

"ಇದೇನಿದು?"

"ತಿದ್ದೇನಿ" ಅಂದೆ. "ಅವರಿಗೆ ಸೇರದಿದ್ದುವನ್ನ."

ಅಂಕಿತಕ್ಕ ಕುರ್ಚಿ ಹಿಂದಕ್ಕೆ ಸರಿಯುವ ಹಾಗೆ ನಕ್ಕಳು. "ಕತಿ ಅವರು ಓದೇ ಇಲ್ಲ, ಹುಚ್ಚಿ! ತಕರಾರು ಇರೂದು ಜಾಹೀರಾತಿನ ಪ್ಲಗಿನ್ನಿಂದು."

ಪ್ಲಗಿನ್ ಅಂದರೆ ಬೇರೆ ಯಾರೋ ಬರೆದಿಟ್ಟ ತುಂಡು. ಅದನ್ನು ನಮ್ಮ ಆ್ಯಪ್‌ಗೆ ಹೊಲಿದು ಜೋಡಿಸಿದರೆ ಕತೆಯ ಕೆಳಗೆ ಜಾಹೀರಾತು ತಾನಾಗಿ ಬರುತ್ತದೆ. ಅದನ್ನು ಎಲ್ಲಿಂದಲೋ ಹುಡುಕಿ ತಂದವನು ಮಾಲತೇಶಣ್ಣ. ಅವನು ಅಂಕಿತಕ್ಕನ ಸೋದರತ್ತೆಯ ಮಗ, ಹಿರೇಕೆರೂರಿನಲ್ಲಿ ಬ್ಯಾನರ್ ಮುದ್ರಿಸುತ್ತಾನೆ. ಸ್ಟೋರಿನ ಫೀ ಕಟ್ಟಿದವನೂ ಅವನೇ. ಆ ತುಂಡು, ಆ್ಯಪ್ ತೆರೆದ ಕೂಡಲೇ, ಓದುವವರನ್ನು ಕೇಳುತ್ತದಂತೆ: ನೀವು ಎಲ್ಲಿದ್ದೀರಿ ನೋಡಲೇ? ನಿಮ್ಮ ಫೋನಿನಲ್ಲಿರುವ ಹೆಸರು, ನಂಬರು ನೋಡಲೇ? ನಿಮ್ಮ ಕ್ಯಾಲೆಂಡರ್ ನೋಡಲೇ? ಕತೆಯ ಆ್ಯಪ್‌ಗೆ ಇವೆಲ್ಲ ಯಾಕೆ ಎಂಬುದು ಸ್ಟೋರಿನವರ ಪ್ರಶ್ನೆ.

ನಾಚಿಕೆಯಿಂದ ಸತ್ತೇ ಹೋದೆ. ಆದರೆ ನಾಚಿಕೆಯ ಅಡಿಯಲ್ಲಿ ಇನ್ನೊಂದು ಕುಣಿಯುತ್ತಿತ್ತು: ಕತೆ ಕೆಟ್ಟಿಲ್ಲ! ಕತೆ ಕೆಟ್ಟಿಲ್ಲ!

ಅಂಕಿತಕ್ಕ ತಿದ್ದಿದ ಕತೆಗಳನ್ನು ಅಲ್ಲೇ ಓದಿದಳು. "ಒಂದ ಮಾತ ಹೇಳ್ಲಿ? ರಿಜೆಕ್ಟ್ ಆಗಿದ್ದು ಚಲೋ ಆತು. ಇವು ಮೊದಲಿನಕ್ಕಿಂತ ಭಾರಿ ಅದಾವು."

ಸಂಜೆಗೆ ಅವ್ವನ ಫೋನಿಗೆ ಅಂಕಿತಕ್ಕನ ಕಂಪ್ಯೂಟರಿನಿಂದಲೇ ಆ್ಯಪ್ ಹಾಕಿಸಿಕೊಂಡು ಬಂದೆ. ಅವ್ವ ಒತ್ತಿದಳು. ಕತೆ ಬರುವ ಮೊದಲು ಮೂರು ಪ್ರಶ್ನೆ ಬಂದವು. ಎರಡನೆಯದಕ್ಕೆ ಅವ್ವ ಫೋನನ್ನು ಕೆಳಗಿಟ್ಟಳು. "ನನ್ನ ತವರುಮನಿ ನಂಬರ ತಗೊಂಡು ಇದೇನ ಮಾಡತೈತಿ? ಹೆಣ್ಣ ನೋಡಾಕ ಬಂದವರೂ ಇಷ್ಟ ಕೇಳೂದಿಲ್ಲ."

ಜನವರಿ 17, ಶುಕ್ರವಾರ

ಅಂಕಿತಕ್ಕ ಸಂಕ್ರಾಂತಿಯ ದಿನ ಎರಡನೆಯ ಸಲ ಕಳಿಸಿದ್ದಳು. ಎಲ್ಲಿದ್ದೀರಿ ಎಂಬ ಪ್ರಶ್ನೆಯನ್ನು ತೆಗೆದಿದ್ದಳು. ಉಳಿದೆರಡನ್ನು ತೆಗೆದರೆ ಪ್ಲಗಿನ್ ನಡೆಯುವುದಿಲ್ಲವಂತೆ. ಇವತ್ತು ಉತ್ತರ ಬಂತು. ಮತ್ತೆ ಬೇಡ. ಈ ಸಲ ಅವರು ಹೇಳಿದ್ದು ಬೇರೆ: ಏನಾದರೂ ಕೇಳುವುದಿದ್ದರೆ ಯಾಕೆ ಕೇಳುತ್ತೀರಿ ಎಂದು ಓದುವವರಿಗೆ ತಿಳಿಯುವ ಮಾತಿನಲ್ಲಿ ಮೊದಲು ಬರೆಯಿರಿ.

ಆ ಮಾತನ್ನು ನಾನು ಬರೆಯಬೇಕಂತೆ! ಆ್ಯಪ್ ತೆರೆದ ಕೂಡಲೇ ಎಲ್ಲರೂ ಮೊದಲು ಓದುವುದು ಅದನ್ನೇ.

ಜನವರಿ 18, ಶನಿವಾರ

ಅವ್ವ ಹಿತ್ತಲಲ್ಲಿದ್ದಳು, ಫೋನು ಬಡಿದುಕೊಳ್ಳುತ್ತಿತ್ತು, ಎತ್ತಿದೆ. ಮಾಲತೇಶಣ್ಣ.

"ಏನವಾ ಕತಿಗಾರ್ತಿ, ಬರದಿ ಏನು?"

"ನಂಬರ ಯಾಕ ಬೇಕಂತ ಗೊತ್ತಿಲ್ಲರಿ. ಗೊತ್ತಾದ್ರ ಬರೀತೇನಿ."

"ಏನಾರ ಬರಿ. ನಿಮಗ ಚಲೋ ಅನುಭವ ಕೊಡಾಕ ಅಂತ ಬರಿ. ಎಲ್ಲಾರೂ ಅದನ್ನ ಬರೀತಾರ."

"ಯಾರ ನಂಬರ ನೋಡಿದ್ರ ಯಾರಿಗೆ ಚಲೋ ಅನುಭವ ಆಕ್ಕೈತ್ರಿ?"

"ನಲವತ್ತ ಕತಿ ಬರದಾಕಿಗೆ ಒಂದ ಸುಳ್ಳ ಬರಿಯಾಕ ಬರಂಗಿಲ್ಲೇನು?" ಎಂದು ಇಟ್ಟುಬಿಟ್ಟ.

ಆರು ಸಲ ಬರೆದೆ. "ನಿಮ್ಮ ಬೀಗರ ಹೆಸರು ಗೊತ್ತಿದ್ದರೆ ಕತೆ ಸೊಗಸಾಗುತ್ತದೆ" ಎಂದೂ ಒಮ್ಮೆ ಬರೆದು ನಾನೇ ನಕ್ಕೆ. ಕತೆಯಲ್ಲಿ ರೇಡಿಯೋ ಬಾವಿಯಲ್ಲಿ ಹಾಡಿದರೆ ಅದು ಸುಳ್ಳಲ್ಲ, ಓದುವವರಿಗೆ ಅದು ಕತೆ ಎಂದು ಗೊತ್ತಿರುತ್ತದೆ. ಇದು ಹಾಗಲ್ಲ. ಕೊನೆಗೆ ಇಷ್ಟು ಬರೆದು ಕಳಿಸಿದೆ:

"ನಮ್ಮ ಕತೆಗಳಿಗೆ ನಿಮ್ಮ ಫೋನಿನಲ್ಲಿರುವ ಹೆಸರುಗಳೂ ಬೇಕಿಲ್ಲ, ಕ್ಯಾಲೆಂಡರೂ ಬೇಕಿಲ್ಲ. ಜಾಹೀರಾತಿನವರು ಕೇಳುತ್ತಾರೆ. ಯಾಕೆಂದು ನಮಗೂ ಗೊತ್ತಿಲ್ಲ. ಮನಸ್ಸಿದ್ದರೆ ಕೊಡಿರಿ, ಇಲ್ಲದಿದ್ದರೆ ಬೇಡ ಅನ್ನಿರಿ."

ಅಂಗಡಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿಯವರ ಪಾಳಿ ಹತ್ತಿತ್ತಂತೆ. ಅಂಕಿತಕ್ಕ ಇದನ್ನು ಓದದೆಯೇ ಅಂಟಿಸಿ ಕಳಿಸಿದಳು.

ಜನವರಿ 22, ಬುಧವಾರ

ಮೂರನೆಯ ಸಲ ಬೇಡ ಅಂದರು. ನನ್ನ ಮಾತನ್ನೇ ಇಂಗ್ಲಿಷಿಗೆ ತಿರುಗಿಸಿ ನಮಗೇ ಕಳಿಸಿದ್ದಾರೆ: ಇದು ಬೇಕಿಲ್ಲ ಎಂದು ನೀವೇ ಬರೆದಿದ್ದೀರಿ, ಮತ್ತೆ ಯಾಕೆ ಕೇಳುತ್ತೀರಿ?

ಅದರ ಕೆಳಗೆ ಇನ್ನೊಂದು ಮಾತಿತ್ತು. ಇನ್ನೊಮ್ಮೆ ಹೀಗಾದರೆ ಅಂಕಿತಕ್ಕನ ಖಾತೆಯನ್ನೇ ಮುಚ್ಚಬಹುದಂತೆ. ಮುಚ್ಚಿದರೆ ಈ ಆ್ಯಪ್ ಮಾತ್ರವಲ್ಲ, ಆಕೆ ಮುಂದೆ ಯಾವ ಆ್ಯಪನ್ನೂ ಅಲ್ಲಿ ಇಡುವಂತಿಲ್ಲ. ಉಳಿದದ್ದು ಒಂದೇ ಸಲ.

ಮಾಲತೇಶಣ್ಣ ಬೈದದ್ದನ್ನು ಬರೆಯುವುದಿಲ್ಲ. ಅಂಕಿತಕ್ಕ ಬೈಯಲಿಲ್ಲ. ಅದೇ ಹೆಚ್ಚು ಕೆಟ್ಟದೆನಿಸಿತು.

ಜನವರಿ 23, ಗುರುವಾರ

ಎರಡು ಗಲೀಪು ಹೊಲಿದೆ. ಒಂದನ್ನು ಒಳಗು ಹೊರಗಾಗಿ ಹೊಲಿದೆ. ಬಿಚ್ಚಿದೆ.

ಜನವರಿ 26, ಭಾನುವಾರ

ಇವತ್ತು ಸಿಕ್ಕಿತು. ಮೊದಲಿನಿಂದ ಬರೆಯುತ್ತೇನೆ.

ಅಪ್ಪನ ಜೊತೆ ದುಂಡಸಿಗೆ ಹೋಗಿದ್ದೆ, ಫಕ್ಕೀರವ್ವ ಎಂಬ ಮುದುಕಿಯ ಮನೆಗೆ. ಹಳೆಯ ಗಾದಿ ಗಂಟುಗಂಟಾಗಿತ್ತು, ಬಿಚ್ಚಿ ಅರಳೆ ಹಿಂಜಬೇಕಿತ್ತು. ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಕತ್ತರಿ ಹಿಡಿದು ಅಂಗಳದಲ್ಲಿ ಸುಮ್ಮನೆ ಕುಳಿತ. ಇದು ನಮ್ಮ ಕಸಬಿನ ಪದ್ಧತಿ. ಮನೆಯವರು ಬಂದು ಎದುರು ಕೂರುವವರೆಗೆ ಗಾದಿಯ ಹೊಲಿಗೆ ಬಿಚ್ಚುವುದಿಲ್ಲ. ಜನ ಗಾದಿಯೊಳಗೆ ಏನೇನೋ ಇಟ್ಟಿರುತ್ತಾರೆ, ಇಟ್ಟು ಮರೆತಿರುತ್ತಾರೆ.

"ನೀನ ಬಿಚ್ಚೋ ಮಕ್ತುಮಸಾಬ" ಎಂದು ಫಕ್ಕೀರವ್ವ ಒಳಗಿನಿಂದಲೇ ಕೂಗಿದಳು. "ನಿನ್ನ ಮ್ಯಾಲ ನಂಬಿಕಿ ಐತಿ."

"ನಂಬಿಕಿ ಇದ್ದಲ್ಲೇ ಕೇಳಬೇಕ ಬೇ. ಇರದಿದ್ರ ನೀ ಹೆಂಗೂ ಬಂದ ಕುಂದರ್ತಿದ್ದಿ."

"ರೊಟ್ಟಿ ಹೊತ್ತತೈತೋ!"

"ಹೊತ್ತಿದ್ದ ರೊಟ್ಟಿ ನನಗ ಕೊಡು."

ಗೊಣಗುತ್ತ ಹಿಟ್ಟಿನ ಕೈಯಲ್ಲೇ ಬಂದು ಕುಳಿತಳು. ಅಪ್ಪ ಬಿಚ್ಚಿದ. ಎರಡನೆಯ ಹಿಡಿ ಅರಳೆಯ ಜೊತೆ ಮಡಚಿದ ಕಾಗದವೊಂದು ಉದುರಿತು. ಫಕ್ಕೀರವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅಪ್ಪ ಆಗಲೇ ಮುಖ ತಿರುಗಿಸಿ ಬೇಲಿಯ ಕಡೆ ನೋಡುತ್ತಿದ್ದ. ಆಕೆ ಅದನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಈ ಕಡೆ ತಿರುಗಿದ. ಆಮೇಲೆ ಇಬ್ಬರೂ ಈ ವರ್ಷದ ಗೋವಿನಜೋಳದ ಬೆಳೆಯ ಮಾತಾಡಿದರು.

ಬರುವಾಗ ಕೇಳಿದೆ. "ಅಪ್ಪಾ, ಅದರಾಗ ಏನಿತ್ತು?"

"ನಾ ನೋಡಿಲ್ಲ."

"ನಿನ್ನ ಕಾಲಮುಂದ ಬಿದ್ದಿತ್ತಲ್ಲ!"

"ಬಿದ್ದಿತ್ತು. ನಾ ಅರಳಿ ಹಿಂಜಾಕ ಹೋಗಿದ್ದೆ."

ಟಂಟಂ ಬಂಕಾಪುರ ದಾಟುವ ಹೊತ್ತಿಗೆ ಹೊಳೆಯಿತು. ನಾವು ಮೂರು ವಾರದಿಂದ ಹೇಗೆ ಕೇಳಬೇಕು, ಹೇಗೆ ಕೇಳಬೇಕು ಎಂದು ಒದ್ದಾಡುತ್ತಿದ್ದೆವು. ಕೇಳುವುದೇ ಬೇಡ! ನಾನು ಕತೆ ಹೇಳಲು ಹೋಗುವವಳು.

ಜನವರಿ 27, ಸೋಮವಾರ

ಒಂಬತ್ತರ ಬಸ್ಸಿಗೆ ಹೋದೆ. ಅಪ್ಪನಿಗೆ ಕೆಲಸವಿತ್ತು, ಒಬ್ಬಳೇ ಹೋದೆ. ಮಾಲತೇಶಣ್ಣನೂ ಅಂಗಡಿಗೆ ಬಂದಿದ್ದ.

"ಆ ತುಂಡ ತಗೀರಿ" ಅಂದೆ.

"ತಗದ್ರ ಜಾಹೀರಾತ ಎಲ್ಲಿಂದ ಬರ್ತಾವು? ಆಕಾಶದಿಂದ?"

"ಹಾನಗಲ್ಲಿಂದ ಬರ್ತಾವ್ರಿ. ಹಿರೇಕೆರೂರಿಂದ, ಸವಣೂರಿಂದ ಬರ್ತಾವು. ನೀವು ದಿನಾ ಅಂಗಡಿಯವರ ಬ್ಯಾನರ್ ಮಾಡ್ತೀರಿ. ಅವರನ್ನ ಕೇಳ್ರಿ. ಕತಿ ಕೆಳಗ ಎರಡು ಸಾಲ ನಾ ಬರದ ಕೊಡ್ತೇನಿ. ಆ ಎರಡು ಸಾಲ ಯಾರ ನಂಬರೂ ಕೇಳೂದಿಲ್ಲ."

"ಯಾರ ನೋಡಿದ್ರು, ಎಲ್ಲಿ ನೋಡಿದ್ರು ಅಂತ ಅಂಗಡಿಯವಗ ಹೆಂಗ ಗೊತ್ತಾಕ್ಕೈತಿ?"

"ಅಂಗಡಿಗೆ ಬಂದ್ರ ಗೊತ್ತಾಕ್ಕೈತಲ್ರಿ!"

ಅಂಕಿತಕ್ಕ ಬಾಯಿಗೆ ಓಡಣಿ ಒತ್ತಿಕೊಂಡು ನಗುತ್ತಿದ್ದಳು. ಮಾಲತೇಶಣ್ಣ ಆಕೆಯ ಕಡೆ ತಿರುಗಿ, "ಇಕಿಗೆ ಮಾತ ಬರಂಗಿಲ್ಲ ಅಂತ ಹೇಳಿದ್ದಿಯಲ್ಲ?" ಅಂದ.

"ತಗೀದಿದ್ರ ಕತಿ ಕೊಡೂದಿಲ್ಲ" ಅಂದೆ. ಅದನ್ನು ಅಂದುಕೊಂಡು ಹೋಗಿರಲಿಲ್ಲ, ಬಂದುಬಿಟ್ಟಿತು. ನಲವತ್ತೂ ಹೋದರೆ ಹೋಗಲಿ ಎನಿಸಿತ್ತು.

ಅವನು ಬಹಳ ಹೊತ್ತು ತಲೆ ಕೆರೆದುಕೊಂಡ. "ಐದ ಅಂಗಡಿ. ಶನಿವಾರದೊಳಗ ಐದ ಅಂಗಡಿಯವರು ಹೂಂ ಅನಬೇಕು. ಇಲ್ಲಂದ್ರ ಪ್ಲಗಿನ್ ಇರತೈತಿ."

ಫೆಬ್ರವರಿ 1, ಶನಿವಾರ

ನಾಲ್ಕು ಅಂಗಡಿ ಮಾಲತೇಶಣ್ಣನೇ ಹಿಡಿದ. ಹಂಸಭಾವಿಯ ಸೀರೆ ಅಂಗಡಿ, ಹಿರೇಕೆರೂರಿನ ಎರಡು, ಸವಣೂರಿನ ಒಂದು ಖಾರಾ-ಚೂಡಾ ಅಂಗಡಿ. ಐದನೆಯದು ಹಾನಗಲ್ಲಿನ ಚಾಳೀಸಿನ ಅಂಗಡಿ. ಅದರ ಮಾಲಕ ಚನ್ನವೀರಪ್ಪನವರು ಬರೆಯುವವರನ್ನು ನೋಡದೆ ಒಪ್ಪುವುದಿಲ್ಲ ಅಂದರಂತೆ. ಅಂಕಿತಕ್ಕ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಹಾನಗಲ್ಲಿಗೆ ನಾನು ಮೊದಲ ಸಲ ಹೋದದ್ದು.

"ನೀ ಬರದಾಕಿ?" ಎಂದು ಚನ್ನವೀರಪ್ಪನವರು ತಮ್ಮ ಚಾಳೀಸಿನ ಮೇಲಿಂದ ನೋಡಿದರು. "ಎಷ್ಟ ಓದಿ?"

"ಐದನೇ ಇಯತ್ತೆ ರೀ. ಇದನ್ನ ಓದ್ರಿ."

ಬಸ್ಸಿನಲ್ಲಿ ಬರೆದಿದ್ದ ಚೀಟಿ ಕೊಟ್ಟೆ. "ಈ ಸಾಲು ಓದಲು ಫೋನನ್ನು ದೂರ ಹಿಡಿದಿರೇನು? ಹಾಗಾದರೆ ಹಾನಗಲ್ಲಿಗೆ ಬರ್ರಿ. ಚನ್ನವೀರಪ್ಪನವರ ಅಂಗಡಿಯಲ್ಲಿ ಕಣ್ಣು ನೋಡಿ ಚಾಳೀಸು ಕೊಡುತ್ತಾರೆ."

ಅವರು ಚೀಟಿಯನ್ನು ದೂರ ಹಿಡಿದೇ ಓದುತ್ತಿದ್ದರು. ಅದು ಅವರಿಗೇ ತಿಳಿದು ಅಂಗಡಿಯೆಲ್ಲ ನಡುಗುವಂತೆ ನಕ್ಕರು. "ಲೇ, ಈಕಿಗೆ ಚಾ ತರಿಸ್ರಲೇ!"

ಐದು!

ಫೆಬ್ರವರಿ 4, ಮಂಗಳವಾರ

ಅಂಗಡಿಯಲ್ಲಿ ನನ್ನ, ಮಾಲತೇಶಣ್ಣನ ಎದುರೇ ಅಂಕಿತಕ್ಕ ಪ್ಲಗಿನ್ ಕಿತ್ತುಹಾಕಿದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದಳು.

"ಅಕ್ಕಾ, ಒತ್ತಬ್ಯಾಡ. ಆ್ಯಪ್ ಏನೇನ ಕೇಳತೈತಿ ಅಂತ ಬರದಿರತೈತಲ್ಲ, ಅದನ್ನ ನನಗ ತೋರಿಸು."

"ಇಂಗ್ಲಿಷ್‌ನಾಗ ಐತಿ ನಸೀರಾ."

"ತೋರಿಸು."

ನನಗೆ ಇಂಗ್ಲಿಷ್ ಅಕ್ಷರದ ಗುರುತಿದೆ, ಕೂಡಿಸಿ ಓದಲು ಬರುವುದಿಲ್ಲ. ಅದಕ್ಕೇ ಸ್ಟೋರಿನವರ ಪತ್ರದಲ್ಲಿದ್ದ, ಆ್ಯಪ್ ಕೇಳಬಾರದೆಂಬ ಮೂರು ಪದಗಳನ್ನು, ಕಸೂತಿಯ ನಕಾಶೆ ಇಳಿಸಿಕೊಳ್ಳುವ ಹಾಗೆ, ಅಕ್ಷರಕ್ಕೆ ಅಕ್ಷರ ವಹಿಗೆ ಇಳಿಸಿಕೊಂಡಿದ್ದೆ. ವಹಿಯನ್ನು ಪರದೆಯ ಪಕ್ಕದಲ್ಲಿ ಹಿಡಿದು ಸಾಲುಸಾಲಿಗೆ ಬೆರಳಿಟ್ಟು ಇಳಿದೆ. ಮೊದಲ ಪದ ಇಲ್ಲ. ಎರಡನೆಯದು ಇಲ್ಲ. ಮೂರನೆಯದನ್ನು ಹುಡುಕುತ್ತ ಇಳಿದೆ: ಅರ್ಧ ಬಳೆ, ಏಣಿ, ಕುಡಗೋಲಿನಂಥದು... ಬೆರಳು ನಿಂತಿತು.

"ಇದು ಐತಿ!"

ಅಂಕಿತಕ್ಕ ಬಗ್ಗಿ ನೋಡಿದಳು. ಆಕೆಯ ಮುಖ ಬಿಳಿಚಿತು. ಕ್ಯಾಲೆಂಡರ್. ಮೊದಮೊದಲು ಪ್ಲಗಿನ್ ಜೋಡಿಸುವಾಗ ಆಕೆಯೇ ಕೈಯಿಂದ ಸೇರಿಸಿದ್ದ ಸಾಲು. ತುಂಡು ಹೋಗಿತ್ತು, ಅದನ್ನು ಹೊಲಿದ ದಾರ ಉಳಿದಿತ್ತು. ಹಾಗೇ ಕಳಿಸಿದ್ದರೆ ನಾಲ್ಕನೆಯದೂ ಹೋಗುತ್ತಿತ್ತು, ಖಾತೆಯೂ ಹೋಗುತ್ತಿತ್ತು.

ಅಳಿಸಿದಳು. ಅವ್ವನ ಫೋನಿಗೆ ಹೊಸದನ್ನು ಹಾಕಿ ನೋಡಿದೆವು. ಒಂದು ಪ್ರಶ್ನೆಯೂ ಇಲ್ಲ. ಒತ್ತಿದರೆ ನೇರವಾಗಿ ಕತೆ.

"ಇಂಗ್ಲಿಷ್ ಬಾರದಾಕಿ ಹಿಡದ್ಲು, ಬರೂವಾಕಿ ಬಿಟ್ಲು" ಎಂದು ಮಾಲತೇಶಣ್ಣ ಅಂಕಿತಕ್ಕನಿಗೆ ಅಂದ. ಆಕೆ ಅವನ ಮೇಲೆ ಪೆನ್ನು ಎಸೆದಳು. ಆಮೇಲೆ ಗುಂಡಿ ಒತ್ತು ಎಂದು ನನ್ನ ಕೈ ಹಿಡಿದೆಳೆದಳು. ಒತ್ತಿದೆ.

ಫೆಬ್ರವರಿ 7, ಶುಕ್ರವಾರ

ಇನ್ನೂ ಇಲ್ಲ. ಹೊಸ ಕತೆ ಎರಡು ಬರೆದೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಫೆಬ್ರವರಿ 8, ಶನಿವಾರ

ಗಲೀಪಿನ ಬಟ್ಟೆ ತರಲು ಶಿಗ್ಗಾವಿಗೆ ಹೋಗಿದ್ದೆ. ಹುಲಗೂರಿನ ಬಸ್ಸು ಹತ್ತಿ ಕೂರುತ್ತಿದ್ದಂತೆ, ಜೊತೆಗೆ ತಂದಿದ್ದ ಅವ್ವನ ಫೋನು ಬಡಿದುಕೊಂಡಿತು.

"ಪಾಸಾತು! ನಸೀರಾ, ಪಾಸಾತು! ಸ್ಟೋರಿನ್ಯಾಗ ಐತಿ!" ಅಂಕಿತಕ್ಕ ಚೀರುತ್ತಿದ್ದಳು. ನಾನೂ ಚೀರಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿದರು. ಹೆಂಗಸರಿಗೆ ಸೊನ್ನೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್, "ಏನಾತವಾ, ಗಂಡಮಗ ಹುಟ್ಟ್ಯಾನೇನು?" ಅಂದ.

"ನಲವತ್ತ ಹುಟ್ಟ್ಯಾವ್ರಿ!" ಅಂದೆ.

ಪಕ್ಕದಲ್ಲಿ ಕುಳಿತ ಹೆಂಗಸಿನ ತೊಡೆಯ ಮೇಲೆ ಸೊಪ್ಪಿನ ಚೀಲ, ಚೀಲದ ಮೇಲೆ ಫೋನು ಇತ್ತು. ಆಕೆ ಯಾರೋ ನನಗೆ ಗೊತ್ತಿಲ್ಲ. "ಅಕ್ಕಾರ, ಕತಿ ಓದ್ತೀರೇನು? ಕೊಡ್ರಿಲ್ಲೆ, ಹಾಕಿ ಕೊಡ್ತೇನಿ" ಎಂದೆ. ಹುಡುಕಿದೆ. ಇತ್ತು. ನಮ್ಮ ಆ್ಯಪ್, ನಮ್ಮ ಅಕ್ಷರದಲ್ಲಿ, ಊರೆಲ್ಲ ನೋಡುವಲ್ಲಿ! ಇಳಿಸಿ ಆಕೆಯ ಕೈಗಿಟ್ಟೆ. ಆಕೆ ಅನುಮಾನದಿಂದಲೇ ಒತ್ತಿದಳು. ಏನೂ ಕೇಳಲಿಲ್ಲ. ಕತೆ ತೆರೆಯಿತು.

ಬೀಗರ ಮನೆಯಲ್ಲಿ ಉಪ್ಪು ಕೇಳಲು ನಾಚಿದ ಮದುಮಗಳ ಕತೆ. ಆಕೆ ತುಟಿ ಅಲುಗಿಸುತ್ತ ಓದುತ್ತಿದ್ದಳು. ನಗಬೇಕೆಂದು ನಾನು ಬರೆದ ಕಡೆ ಅವಳು ನಗಲಿಲ್ಲ. ನಾನು ಏನೂ ಎಣಿಸದ ಕಡೆ ಫಕ್ಕನೆ ನಕ್ಕಳು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಕಿಟಕಿಯ ಕಡೆ ಮುಖ ಮಾಡಿ ಗಾಜಿನಲ್ಲಿ ಅವಳನ್ನೇ ನೋಡುತ್ತಿದ್ದೆ.

ಅದು ಮುಗಿದ ಮೇಲೆ ಆಕೆ ಇನ್ನೊಂದು ಕತೆ ತೆರೆದಳು, ಆಮೇಲೆ ಮತ್ತೊಂದು. ಬಸ್ಸು ಹುಲಗೂರಿಗೆ ಬಂದು ನಿಂತಿತು. ಎಲ್ಲರೂ ಇಳಿದರು. ಆಕೆ ಇಳಿಯಲಿಲ್ಲ.

"ಏ ಬೇ, ಇದ ನಿಮ್ಮೂರಲ್ಲೇನು? ಇಳೀತಿಯೋ, ವಾಪಸ್ ಶಿಗ್ಗಾವಿಗೆ ಬರ್ತಿಯೋ?" ಎಂದು ಕಂಡಕ್ಟರ್ ಬಾಗಿಲು ಬಡಿದ.

ಆಕೆ ತಲೆ ಎತ್ತದೆ ಒಂದು ಕೈ ಮೇಲೆತ್ತಿದಳು.

"ತಡಿಯಪಾ. ಇನ್ನ ನಾಕ ಸಾಲ ಐತಿ."